ಅರ್ಧ ದಿನದ ಅರ್ಜಿ

ಆ ಮನೆಯಲ್ಲಿ ಬೆಡ್‌ಶೀಟನ್ನು ಒಬ್ಬರೇ ಮಡಚಿದ್ದನ್ನು ಕಂಡವರಿಲ್ಲ. ಒಣಗಿದ ಶೀಟು ಒಬ್ಬಳ ಕೈಗೆ ಬಂತೆಂದರೆ ಸಾಕು, ಎದುರು ತುದಿ ಹಿಡಿಯಲು ಇನ್ನೊಬ್ಬಳು ತಾನಾಗಿಯೇ ಬಂದು ನಿಲ್ಲುತ್ತಿದ್ದಳು. ಒಮ್ಮೆ ಝಾಡಿಸಿ, ಮೂಲೆಗೆ ಮೂಲೆ ಸೇರಿಸಿ, ಹತ್ತಿರ ಬಂದು ದೂರ ಸರಿದರೆ ಮುಗಿಯಿತು. ಜಗಳ ನಡೆಯುತ್ತಿದ್ದರೆ ಬಾಯಿ ತನ್ನ ಪಾಡಿಗೆ ಜಗಳವಾಡುತ್ತಿತ್ತು, ಕೈ ತನ್ನ ಪಾಡಿಗೆ ಮಡಚುತ್ತಿತ್ತು. ಅತ್ತೆ, ಮಗಳು, ಸೊಸೆ, ಮನೆಯ ಮೂವರು ಹೆಂಗಸರೂ ಲಾಂಡ್ರಿ ಕಾರ್ಖಾನೆಯವರು. ಆಸ್ಪತ್ರೆ, ಹೋಟೆಲುಗಳ ಕೊಳೆಯೆಲ್ಲ ವ್ಯಾನುಗಳಲ್ಲಿ ಬಂದು, ಬೆಂದು, ಹಿಂಡಿಸಿಕೊಂಡು, ಕೊನೆಗೆ ದೊಡ್ಡ ಇಸ್ತ್ರಿ ರೋಲರಿನ ಬಾಯಿಗೆ ಬೀಳುವ ಜಾಗ ಅದು. ರೋಲರಿಗೆ ಶೀಟು ಕೊಡಲು ಇಬ್ಬರು ಬೇಕು, ಆ ಅಂಚಿಗೊಬ್ಬಳು ಈ ಅಂಚಿಗೊಬ್ಬಳು. ಕೂಲಿಯೂ ಜೋಡಿಯದೇ. ಇಬ್ಬರೂ ಸೇರಿ ಎಷ್ಟು ಶೀಟು ದಾಟಿಸಿದರೋ ಅಷ್ಟರ ಮೇಲೆ.

ಅತ್ತೆ ಅಲ್ಲಿ ಆಯುಸ್ಸು ಸವೆಸಿದವಳು. ಅವಳು ಗೇಟು ದಾಟುವುದನ್ನು ನೋಡಿ ಕಾವಲುಗಾರ ತನ್ನ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದನಂತೆ. ಅದಕ್ಕೇ ಗಡಿಯಾರದಮ್ಮ ಎಂಬ ಹೆಸರು ಬಿತ್ತು, ಅಸಲು ಹೆಸರು ಯಾರಿಗೂ ಬೇಕಾಗಲಿಲ್ಲ. ಮಂಡಿ ಕೈಕೊಟ್ಟಾಗ ಅವಳು ಸುಮ್ಮನೆ ಮನೆಗೆ ಬಂದು ಕೂರಲಿಲ್ಲ. ರೋಲರಿನ ಒಂದು ಅಂಚಿಗೆ ಮಗಳನ್ನು ನಿಲ್ಲಿಸಿದಳು, ಇನ್ನೊಂದು ಅಂಚಿಗೆ ಸೊಸೆಯನ್ನು ಹುಡುಕಿದಳು. ಲೋಕದ ತಾಯಂದಿರು ಸೊಸೆ ಹುಡುಕುವಾಗ ಬಣ್ಣ ನೋಡುತ್ತಾರೆ, ಮನೆತನ ನೋಡುತ್ತಾರೆ. ಈ ಮಹಾತಾಯಿ ನೋಡಿದ್ದು ಭುಜದ ಎತ್ತರ.

"ಒಬ್ಳು ಉದ್ದ ಒಬ್ಳು ಗಿಡ್ಡ ಆದ್ರೆ ಶೀಟು ಸೊಟ್ಟ ಹೋಗತ್ತೆ. ಸೊಟ್ಟ ಹೋದ್ರೆ ಸುಕ್ಕು ಬೀಳತ್ತೆ. ಸುಕ್ಕು ಬಿದ್ರೆ ಕೂಲಿ ಇಲ್ಲ."

ಬಟ್ಟೆ ವಿಂಗಡಿಸುವ ವಿಭಾಗದಲ್ಲಿ ಮಗಳ ಭುಜಕ್ಕೆ ಸರಿಸಮ ನಿಂತ ಒಬ್ಬ ಹುಡುಗಿ ಸಿಕ್ಕಳು. ಮಗನನ್ನು ಕೇಳಲಿಲ್ಲವೇ ಎಂದರೆ, ಕೇಳಿದಳು. ಇಬ್ಬರು ಹುಡುಗಿಯರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಗಟ್ಟಿ ಮಾಡಿಕೊಂಡ ಮೇಲೆ ಕೇಳಿದಳು. ಅವನ ಪುಣ್ಯಕ್ಕೆ ಅವನಿಗೂ ಹುಡುಗಿ ಒಪ್ಪಿಗೆಯಾದಳು.

ಆ ಸೊಸೆಗೆ ಈಗ ಗಂಡುಮಗು. ದುಂಡಗೆ ಇದ್ದಾನೆಂದು ಗುಂಡ ಎನ್ನುತ್ತಿದ್ದರು. ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ರಜೆ ಮುಗಿದ ಮೇಲೆ ಗುಂಡನನ್ನು ಅಜ್ಜಿ ನೋಡಿಕೊಳ್ಳುವುದು, ಅಮ್ಮ ರೋಲರಿಗೆ ಮರಳುವುದು ಎಂದು ಮಗು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಇನ್ನೇನು ಬೇಕು? ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಬೀದಿಯೆಲ್ಲ ಹೇಳಿತು. ಸೊಸೆಯೂ ಹಾಗೆಯೇ ಅಂದುಕೊಂಡಿದ್ದಳು, ಆ ಸ್ನಾನದ ದಿನದವರೆಗೆ.

ಅವತ್ತು ಅತ್ತೆಯೇ ಟಬ್ಬಿಗೆ ನೀರು ತುಂಬಿದ್ದಳು. "ಬಾರೋ ರಾಜ" ಎಂದು ಗುಂಡನ ಅಂಗಿ ಬಿಚ್ಚಿ ಎತ್ತಿಕೊಂಡಿದ್ದಳು. ಟವೆಲು ತಂದ ಸೊಸೆ ಸುಮ್ಮನೆ, ಅಭ್ಯಾಸಬಲದಿಂದ, ನೀರಿಗೆ ಮೊಣಕೈ ಅದ್ದಿದಳು. ಅಯ್ಯಯ್ಯೋ ಎಂದು ಕಿರುಚಿ ಮಗುವನ್ನು ಕಸಿದುಕೊಂಡಳು. ಮೊಣಕೈ ಕೆಂಪಗೆ ಸುಟ್ಟುಹೋಗಿತ್ತು.

"ಅತ್ತೆ, ತಣ್ಣೀರು ಬೆರೆಸಿಲ್ಲ!"

"ಬೆರೆಸಿದೀನಿ ಕಣೇ."

"ಇಲ್ಲ ಅತ್ತೆ. ನೋಡಿ, ಬಕೆಟ್ಟು ಹಾಗೇ ತುಂಬಿದೆ."

ಅತ್ತೆ ತಣ್ಣೀರಿನ ಬಕೆಟ್ಟನ್ನು ನೋಡಿದಳು. ಆಮೇಲೆ ಸೊಸೆಯನ್ನು ನೋಡಿ, "ಬೆರೆಸಿ ಮತ್ತೆ ತುಂಬಿಸಿಟ್ಟೆ. ಎರಡು ಮಕ್ಕಳನ್ನ ಬೆಳೆಸಿದವಳಿಗೆ ನೀರು ಹದ ಮಾಡೋದು ಹೇಳಿಕೊಡ್ತೀಯಾ?" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಬೆರೆಸಿದ್ದೇನೆ ಎಂದು ಮನಸಾರೆ ನಂಬಿದ್ದಳು. ಸೊಸೆ ಹೆದರಿದ್ದು ಅದಕ್ಕೇ.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಮೇಲೆ ಅತ್ತೆ "ಏಳಿ, ಊಟಕ್ಕೆ ಹೊತ್ತಾಯ್ತು" ಎನ್ನುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಹರವಲು ಹೋಗುತ್ತಿದ್ದಳು. ಮೊಟ್ಟೆ ಬೇಯಿಸಲು ಇಟ್ಟ ಪಾತ್ರೆಯಲ್ಲಿ ನೀರಿರುತ್ತಿತ್ತು, ಮೊಟ್ಟೆ ಇರುತ್ತಿರಲಿಲ್ಲ. ಇದನ್ನು ಹೇಳಿ ಒಮ್ಮೆ ಎಲ್ಲರೂ ನಕ್ಕಿದ್ದೂ ಉಂಟು, ಅತ್ತೆಯೂ ನಕ್ಕಿದ್ದಳು.

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಹತ್ತಿ, ಗ್ರೀಸು ಬಳಿದುಕೊಂಡು ಮನೆಗೆ ಬರುತ್ತಿದ್ದ. ಅವನು ಕೈತೊಳೆಯುವಾಗ ಸೊಸೆ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು.

"ವಯಸ್ಸಾಯ್ತು ಕಣೇ. ನಾನೂ ದಿನಾ ಸ್ಪ್ಯಾನರ್ ಮರೀತೀನಿ."

"ನೀವು ಸ್ಪ್ಯಾನರ್ ಮರೆತ್ರೆ ಲಿಫ್ಟು ಅಳಲ್ಲ ರೀ."

"ನಮ್ಮಮ್ಮನಿಗೆ ಏನೋ ಆಗಿದೆ ಅಂತ ಹೊರಗೆ ಬಾಯಿ ಬಿಡಬೇಡ. ಗಡಿಯಾರದಮ್ಮ ಅಂತ ತಲೆ ಎತ್ಕೊಂಡು ಓಡಾಡಿದ ಜೀವ ಅದು. ಯಾರಾದ್ರೂ ಒಬ್ರು ಅಯ್ಯೋ ಪಾಪ ಅಂದ್ರೆ ಅವತ್ತೇ ಮಲಗಿಬಿಡ್ತಾಳೆ."

"ಏನೂ ಆಗಿಲ್ಲ ಅಂದ್ರೆ ಅವರ ಕೊರಳಿಗೆ ಬಾಗಿಲ ಕೀ ಯಾಕೆ ಕಟ್ಟಿದ್ರಿ?"

ಅವನು ಸೋಪು ಉಜ್ಜುತ್ತಲೇ ಇದ್ದ. ಕೀ ಎಲ್ಲೋ ಇಟ್ಟು ಮರೆತು, ತಾಯಿ ಮತ್ತೆ ಮತ್ತೆ ಹೊರಗೇ ನಿಂತದ್ದನ್ನು ಕಂಡು, ಅವನೇ ಒಂದು ಗಟ್ಟಿ ದಾರಕ್ಕೆ ಪೋಣಿಸಿ ಹಾಕಿದ್ದ. ಟವೆಲು ಕೇಳಿದ, ಕೊಟ್ಟಳು.

ಕೆಲಸ ಬಿಡುವ ಹಾಗಿರಲಿಲ್ಲ. ಅವನೊಬ್ಬನ ಸಂಬಳ ಬಾಡಿಗೆಗೆ ಹೋದರೆ ಹೊಟ್ಟೆಗೆ ಉಳಿಯುವುದು ಅಷ್ಟಕ್ಕಷ್ಟೆ. ಪೂರ್ತಿ ದಿನ ಹೋಗುವ ಹಾಗೂ ಇರಲಿಲ್ಲ. ಹಾಗಾಗಿ ಒಂದು ದಿನ ಅವಳು ಗುಂಡನನ್ನು ಎತ್ತಿಕೊಂಡು, ಕಾರ್ಖಾನೆ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕಾರ್ಮಿಕ ಸಂಘದ ಅಕ್ಕನನ್ನು ಹಿಡಿದಳು. ಆವಿಯ ಬಾಯ್ಲರ್ ಮುಂದೆ ಕೆಲಸ ಮಾಡಿ ಮಾಡಿ ಆ ಅಕ್ಕನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಅರ್ಧ ದಿನದ ಕೆಲಸ ಕೇಳಬಹುದಾ ಅಕ್ಕ?"

"ಯಾಕೆ ಕೇಳಬಾರದು? ಬಾಣಂತನ ಮುಗಿಸಿ ಬಂದವಳು ಅರ್ಜಿ ಹಾಕಬಹುದು. ಕೇಳೋದು ನಿನ್ನ ಹಕ್ಕು. ಹೂಂ ಅನ್ನೋದು ಅವರ ಇಷ್ಟ. ಆದ್ರೆ ಉಹೂಂ ಅಂದ್ರೆ ಕಾರಣ ಬರೆದು ಕೊಡ್ಲೇಬೇಕು. ಕೇಳಿದ್ಲು ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ಮತ್ತೆ ಕೊಳೆ ವಿಂಗಡಿಸೋದಕ್ಕೆ ತಳ್ಳೋ ಹಾಗೂ ಇಲ್ಲ. ನಿನ್ನ ಜಾಗ ನಿನ್ನದೇ."

"ಬರೀ ಕೇಳೋದಷ್ಟೇ ಹಕ್ಕಾ?"

"ಅದನ್ನ ತರೋದಕ್ಕೇ ನಮ್ಮ ಚಪ್ಪಲಿ ಸವೆದಿದೆ. ಬಿಟ್ಟಿ ಸಿಕ್ಕಿದ್ದಲ್ಲ, ತಗೋ" ಎಂದು ಅಕ್ಕ ಅರ್ಜಿಯ ಹಾಳೆ ಕೊಟ್ಟಳು.

ಅವತ್ತು ಸಂಜೆ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಎಲ್ಲರ ತಟ್ಟೆಗೂ ಬಡಿಸಿದ ಮೇಲೆ ಸೊಸೆ ವಿಷಯ ತೆಗೆದಳು. ಮೊದಲು ಸಿಡಿದದ್ದು ನಾದಿನಿ.

"ಅರ್ಧ ದಿನಾನಾ? ಮಧ್ಯಾಹ್ನದ ಮೇಲೆ ನನ್ನ ಎದುರಿಗೆ ಯಾರು ನಿಲ್ತಾರೆ? ನೀವು ರಜೆ ಹಾಕಿದಾಗಿಂದ ಆ ಹೊಸ ಹುಡುಗಿ ಜೊತೆ ಒದ್ದಾಡ್ತಿದೀನಿ. ಅವಳ ತಲೆ ನನ್ನ ಕಂಕುಳಿಗೆ ಬರತ್ತೆ! ಅರ್ಧಕ್ಕರ್ಧ ಶೀಟು ವಾಪಸ್ ಬರ್ತಿದೆ. ಅತ್ತಿಗೆ ಬರ್ತಾರೆ, ಅತ್ತಿಗೆ ಬರ್ತಾರೆ ಅಂತ ಹಲ್ಲು ಕಚ್ಚಿಕೊಂಡಿದ್ದೆ."

"ಬೆಳಿಗ್ಗೆ ಇರ್ತೀನಲ್ಲೇ."

"ಬೆಳಿಗ್ಗೆ ಒಬ್ಬಳ ಜೊತೆ, ಮಧ್ಯಾಹ್ನ ಇನ್ನೊಬ್ಬಳ ಜೊತೆ! ನನ್ನ ಕೂಲಿ ಏನಾಗಬೇಕು?"

ಅತ್ತೆಗೆ ಕೂಲಿಯ ಮಾತು ಕೇಳಿಸಲೇ ಇಲ್ಲ. ಅವಳು ತುತ್ತು ಕೈಯಲ್ಲೇ ಹಿಡಿದು ಸೊಸೆಯನ್ನು ನೋಡುತ್ತಿದ್ದಳು.

"ಯಾಕೆ ಅರ್ಧ ದಿನ? ನಾನು ಸತ್ತಿದೀನಾ?"

"ಅಯ್ಯೋ, ಬಿಡ್ತು ಅನ್ನಿ ಅತ್ತೆ. ನಿಮಗೂ ಸುಸ್ತಾಗತ್ತೆ ಅಂತ..."

"ನನಗೆ ಸುಸ್ತು ಅಂತ ನಾನು ಹೇಳಿದ್ನಾ? ನನ್ನ ಕಾಲದಲ್ಲಿ ಮಗು ಹುಟ್ಟಿದ ತಿಂಗಳಿಗೇ ರೋಲರ್ ಮುಂದೆ ನಿಂತವಳು ನಾನು. ಕೇಳೋದಕ್ಕೆ ಹೋಗಲಿಲ್ಲ."

"ಈಗ ಕೇಳಬಹುದು ಅತ್ತೆ. ಕೇಳೋದು ನಮ್ಮ ಹಕ್ಕು, ಹೂಂ ಅನ್ನೋದು ಅವರ ಇಷ್ಟ ಅಂತ ಸಂಘದ ಅಕ್ಕ ಹೇಳಿದ್ರು."

"ಇದೊಳ್ಳೇ ಹಕ್ಕು!" ಅತ್ತೆ ನಕ್ಕಳು. "ಕೇಳೋದಕ್ಕೂ ಹಕ್ಕು ಬೇಕೇನೇ? ಭಿಕ್ಷುಕನೂ ಕೇಳ್ತಾನೆ, ಹಾಕೋದು ಬಿಡೋದು ಮನೆಯವರಿಷ್ಟ. ಅದಕ್ಕೊಂದು ಅರ್ಜಿ ಬೇರೆ ಕೇಡು."

ಸೊಸೆ ಗಂಡನ ಮುಖ ನೋಡಿದಳು. ಒಂದು ಮಾತು ಆಡಿ ಎಂದು ಕಣ್ಣಲ್ಲೇ ಬೇಡಿದಳು. ಅವನು ಆಲೂಗಡ್ಡೆ ಚೆನ್ನಾಗಿದೆ ಎಂದ.

ಆದರೂ ಅವಳು ಅರ್ಜಿ ಹಾಕಿದಳು. ಕಾರಣ ಎಂಬಲ್ಲಿ "ಮಗುವಿನ ಆರೈಕೆ" ಎಂದಷ್ಟೇ ಬರೆದಳು. ಉತ್ತರಕ್ಕೆ ಕಾಯುತ್ತಾ ವಾರಗಳು ಹೋದವು. ರಜೆಯನ್ನು ಸಂಬಳವಿಲ್ಲದೆ ಸ್ವಲ್ಪ ಮುಂದಕ್ಕೆ ಎಳೆದಳು. ಮನೆಯಲ್ಲಿ ಬೆಣ್ಣೆ ನಿಂತಿತು, ಬರೀ ಬ್ರೆಡ್ಡಾಯಿತು. ನಾದಿನಿ ಮಾತು ಬಿಟ್ಟಳು. ಶೀಟು ಮಡಚಲು ಮಾತ್ರ ಎದುರು ಬಂದು ನಿಲ್ಲುತ್ತಿದ್ದಳು, ಕೊನೆಯ ಮಡಿಕೆಯಲ್ಲಿ ಕೈಗೆ ಕೈ ತಾಗಿದರೆ ಸರಕ್ಕನೆ ಎಳೆದುಕೊಳ್ಳುತ್ತಿದ್ದಳು. ಸೊಸೆ ಮಗುವನ್ನು ಅತ್ತೆಯ ಬಳಿ ಬಿಟ್ಟು ಬಚ್ಚಲಿಗೆ ಹೋಗಲೂ ಹೆದರುತ್ತಿದ್ದಳು, ಹೆದರಿಕೆ ತೋರಿಸಲೂ ಹೆದರುತ್ತಿದ್ದಳು. ಒಲೆಯ ಮೇಲೊಂದು ಕಣ್ಣು, ತೊಟ್ಟಿಲ ಮೇಲೊಂದು ಕಣ್ಣು, ಮುಖದಲ್ಲಿ ನಗು. ಇದೆಂಥ ಬಾಳಪ್ಪಾ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಕೊನೆಗೆ ಉತ್ತರ ಬಂತು. ಉಹೂಂ. ಕಾರಣವನ್ನೂ ಬರೆದಿದ್ದರು. ರೋಲರಿನ ಜೋಡಿ ಒಡೆದರೆ ಕೆಲಸ ಕೆಡುತ್ತದೆ, ಅದೂ ಅಲ್ಲದೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅನುಭವಸ್ಥರು ಇರುವುದಾಗಿ ಕುಟುಂಬದವರೇ ಬಂದು ತಿಳಿಸಿದ್ದಾರೆ.

"ಕುಟುಂಬದವರು ಯಾರು?" ಎಂದು ಸೊಸೆ ಕೇಳಿದಳು.

"ನಾನೇ ಹೋಗಿದ್ದೆ" ಎಂದಳು ಅತ್ತೆ, ಬಟಾಣಿ ಸುಲಿಯುತ್ತಾ. "ಆ ಮ್ಯಾನೇಜರ್ ಮೀಸೆ ಮೂಡೋದಕ್ಕೆ ಮೊದಲು ನನ್ನ ಕೈಕೆಳಗೆ ದಿಂಬಿನ ಚೀಲ ಎಣಿಸ್ತಿದ್ದವನು. ಹೋಗಿ ಹೇಳಿದೆ. ನನ್ನ ಸೊಸೆ ಏನೋ ಹುಚ್ಚುಚ್ಚಾಗಿ ಬರೆದಿದಾಳೆ, ಮಗೂನ ನಾನು ನೋಡ್ಕೋತೀನಿ, ನಾನು ಕಟ್ಟಿದ ಜೋಡೀನ ಒಡೀಬೇಡ ಅಂದೆ. ಎದ್ದು ನಿಂತು ಚಹಾ ಕೊಟ್ಟ."

ಅವಳು ಒಳ್ಳೆಯದು ಮಾಡಿ ಬಂದ ಹೆಮ್ಮೆಯಲ್ಲಿದ್ದಳು. ಸೊಸೆಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಬಟಾಣಿಯ ತಟ್ಟೆಯಲ್ಲಿ ನೋಡಿದರೆ ಸಿಪ್ಪೆಯೆಲ್ಲ ಒಳಗೆ, ಕಾಳೆಲ್ಲ ಕಸದ ಬುಟ್ಟಿಯಲ್ಲಿ. ಅತ್ತೆ ಎದ್ದು ಹೋದ ಮೇಲೆ ಅವಳು ಕೂತು ಕಾಳನ್ನು ಹೆಕ್ಕಿ ತೊಳೆದಳು.

ಸಂಘದ ಅಕ್ಕ ಉತ್ತರ ಓದಿ ಉರಿದುಬಿದ್ದಳು. "ಮನೇಲಿ ಯಾರಿದಾರೆ ಅನ್ನೋದು ಅವರಿಗ್ಯಾಕೆ? ಮೇಲ್ಮನವಿ ಹಾಕು. ಮ್ಯಾನೇಜರ್ ಮುಂದೆ ಕೂತು ಮಾತಾಡೋಣ, ನಾನೂ ಬರ್ತೀನಿ. ಆದ್ರೆ ಒಂದು ಹೇಳು. ಗಡಿಯಾರದಮ್ಮ ಇರುವಾಗ ನಿನಗ್ಯಾಕೆ ಈ ಹಟ? ಏನೋ ಮುಚ್ಚಿಡ್ತಿದೀಯ. ಬಲವಾದ ಕಾರಣ ಇದ್ರೆ ಬಾಯಿ ಬಿಡು, ಅದೇ ನಮ್ಮನ್ನ ಗೆಲ್ಲಿಸತ್ತೆ."

ಸೊಸೆ ಮೇಲ್ಮನವಿಗೆ ಸಹಿ ಮಾತ್ರ ಹಾಕಿದಳು. ಹೇಳಿದರೆ ಅತ್ತೆಯ ಮಾನ ಕಾರ್ಖಾನೆಯ ತುಂಬ ಹರಾಜಾಗುತ್ತದೆ. ಹೇಳದಿದ್ದರೆ ಗುಂಡನನ್ನು ಇಡೀ ದಿನ ಆ ಕೈಗಳಿಗೆ ಬಿಟ್ಟು ಬರಬೇಕು. ಅತ್ತ ದರಿ, ಇತ್ತ ಪುಲಿ.

ಮ್ಯಾನೇಜರ್ ಮುಂದೆ ಕೂರಬೇಕಾದ ದಿನದ ಹಿಂದಿನ ಸಂಜೆ ನಾದಿನಿ ತಾನಾಗಿ ಮಾತಾಡಿದಳು. "ಅಣ್ಣ ಹೇಳಿದ. ಅಮ್ಮನಿಗೆ ಮರೆವು ಅಂತ ನಾಳೆ ಅಲ್ಲಿ ಹೇಳ್ತೀರಾ?"

"ಹೇಳದೆ ಏನು ಮಾಡಲೇ?"

"ನಿಮ್ಮ ಅರ್ಧ ದಿನಕ್ಕೋಸ್ಕರ ನಮ್ಮಮ್ಮನ್ನ ಹುಚ್ಚಿ ಮಾಡ್ತೀರಾ ಅತ್ತಿಗೆ? ನನಗೆ ಅಂಥದ್ದೇನೂ ಕಂಡಿಲ್ಲ."

"ನೀನು ಬೆಳಿಗ್ಗೆ ಹೋದವಳು ಸಂಜೆ ಬರ್ತೀಯ. ನೀನು ಬರುವಾಗ ಅವರು ಬಾಗಿಲಲ್ಲಿ ನಗ್ತಾ ನಿಂತಿರ್ತಾರೆ. ಮಧ್ಯದ್ದನ್ನ ನೋಡೋಳು ನಾನು."

ಮರುದಿನ ಸೊಸೆ ಪಕ್ಕದ ಮನೆಯ ಟೈಲರಮ್ಮನನ್ನು ಕರೆದು ಮಗುವಿನ ಬಳಿ ಕೂರಿಸಿದಳು. "ಅತ್ತೆಗೆ ಜೊತೆಯಾಗಿರಿ, ಬೇಗ ಬಂದುಬಿಡ್ತೀನಿ" ಎಂದಳು. ಟೈಲರಮ್ಮ ಕಾಜಾ ಹಾಕುವ ಶರ್ಟುಗಳ ಗಂಟಿನ ಸಮೇತ ಬಂದು ಕೂತಳು. ಮನೆಯಲ್ಲಿ ಜನವಿದ್ದಾರಲ್ಲ ಎಂದು ಸೊಸೆ ತನ್ನ ಕೀಯನ್ನು ಗೋಡೆಯ ಮೊಳೆಗೇ ಬಿಟ್ಟು ಹೊರಟಳು.

ಮ್ಯಾನೇಜರನ ಕೋಣೆ ರೋಲರಿನ ಮೇಲ್ಭಾಗದಲ್ಲಿ, ಗಾಜಿನ ಗೋಡೆಯೊಳಗೆ. ಕೆಳಗೆ ಆವಿಯ ನಡುವೆ ನಾದಿನಿ ಹೊಸ ಹುಡುಗಿಯ ಎದುರು ಶೀಟು ಹಿಡಿದು ನಿಂತದ್ದು ಕಾಣುತ್ತಿತ್ತು. ಮ್ಯಾನೇಜರ್ ಕೆಟ್ಟವನಲ್ಲ. ಆದರೆ ಮೇಲಿನವರಿಗೆ ಉತ್ತರ ಹೇಳಬೇಕಾದವನು.

"ನೋಡಮ್ಮ, ಅಂಥ ಅತ್ತೇನ ಮನೇಲಿಟ್ಕೊಂಡು ನೀವು ಅರ್ಧ ದಿನ ಕೇಳಿದ್ರೆ ನಾನು ಏನಂತ ಬರೆಯಲಿ?"

"ಜೋಡಿ ಹೊಂದಿಸೋದು ನಿಮ್ಮ ಕೆಲಸ" ಎಂದಳು ಸಂಘದ ಅಕ್ಕ. "ಮಧ್ಯಾಹ್ನಕ್ಕೆ ಎತ್ತರ ಸರಿಯಾಗೋ ಇನ್ನೊಬ್ಬಳನ್ನ ಕಲಿಸಿ. ನೀವು ಹುಡುಕಿದ್ದೀರಾ? ಇಲ್ಲ."

"ಹುಡುಕೋಣ. ಆದ್ರೆ ಅಷ್ಟು ಕಷ್ಟಪಡೋದಕ್ಕೆ ಕಾರಣ ಇರಬೇಕಲ್ಲ?"

ಇಬ್ಬರೂ ಸೊಸೆಯ ಕಡೆ ತಿರುಗಿದರು. ಅವಳಿಗೆ ಅತ್ತೆ ಬಾಣಂತನದಲ್ಲಿ ತನ್ನ ಕಾಲು ಒತ್ತಿದ್ದು ನೆನಪಾಯಿತು, ಕೊಳೆ ವಿಂಗಡಿಸುತ್ತಿದ್ದವಳನ್ನು ರೋಲರಿಗೆ ಏರಿಸಿದ್ದು ನೆನಪಾಯಿತು. ಮೊಣಕೈಯ ಕಲೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, "ಸಾರ್, ನಮ್ಮ ಅತ್ತೆಗೆ..." ಎಂದಳು.

ಬಾಗಿಲು ತೆರೆಯಿತು. ಬಂದವಳು ಗಡಿಯಾರದಮ್ಮ. ಮದುವೆ ಮುಂಜಿಗೆ ಮಾತ್ರ ಹೊರತೆಗೆಯುವ ಬಟ್ಟೆ, ನುಣ್ಣಗೆ ಬಾಚಿದ ತಲೆ, ಕೈಯಲ್ಲಿ ಚೀಲ. ಕೆಳಗೆ ಕೆಲಸದವರೆಲ್ಲ ನಮಸ್ಕಾರ ಹೇಳಿ ದಾರಿ ಬಿಟ್ಟಿದ್ದರು. ಮ್ಯಾನೇಜರ್ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ.

"ಇವಳ ಮಾತು ಕೇಳಬೇಡ್ವೋ" ಎಂದಳು ಕೂರುತ್ತಲೇ. "ಇವಳಿಗೆ ನನ್ನ ಮೇಲೆ ಕನಿಕರ, ಅದಕ್ಕೆ ಹೀಗಾಡ್ತಾಳೆ. ಮಗು ನನ್ನ ಜವಾಬ್ದಾರಿ. ನಾಳೆಯಿಂದ್ಲೇ ಪೂರ್ತಿ ದಿನ ಬರ್ತಾಳೆ, ಬರ್ಕೋ."

"ಆಯ್ತಮ್ಮ, ಆಯ್ತು." ಮ್ಯಾನೇಜರ್ ನಕ್ಕ. "ಮೊಮ್ಮಗ ಹೇಗಿದಾನೆ? ಕರ್ಕೊಂಡು ಬಂದಿದ್ರೆ ನೋಡ್ತಿದ್ದೆ."

"ಹಾಲು ಕುಡಿಸಿ ಮಲಗಿಸಿ ಬಂದೆ. ಚಿನ್ನದಂಥ ಮಗು."

"ಹತ್ರ ಯಾರಿದಾರೆ?"

"ಸೊಸೆ ಇದಾಳಲ್ಲ."

ಥಟ್ಟನೆ ಹೇಳಿದಳು, ಒಂದಿಷ್ಟೂ ತಡವರಿಸದೆ. ಮ್ಯಾನೇಜರ್ ಸೊಸೆಯ ಕಡೆ ನೋಡಿದ.

"ಅತ್ತೆ," ಸೊಸೆ ಎದ್ದು ನಿಂತಳು, "ಟೈಲರಮ್ಮ ಎಲ್ಲಿ?"

"ಅವಳನ್ನ ಆಗಲೇ ಕಳಿಸಿದೆ. ನಮ್ಮ ಮನೇಲಿ ಅವಳಿಗೇನು ಕೆಲಸ? ಸೊಸೆ ಇದಾಳಲ್ಲ ಅಂತ ಬಾಗಿಲು ಹಾಕ್ಕೊಂಡು..." ಎನ್ನುತ್ತಾ ಅತ್ತೆ ದನಿ ಬಂದ ಕಡೆ ತಿರುಗಿದಳು. ಸೊಸೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. "ನೀನು... ಇಲ್ಲಿದೀಯಾ?"

ಸೊಸೆ ಆಗಲೇ ಮೆಟ್ಟಿಲಿನಲ್ಲಿದ್ದಳು. ಬಿದ್ದೂ ಎದ್ದೂ ಇಳಿದು ರೋಲರಿನ ಪಕ್ಕದಿಂದ ಓಡುವಾಗ ಅವಳ ಮುಖ ನೋಡಿದ್ದೇ ನಾದಿನಿ ಕೈಯಲ್ಲಿದ್ದ ಅಂಚು ಬಿಟ್ಟಳು. ಶೀಟು ಸೊಟ್ಟಗೆ ಒಳಗೆ ಹೋಯಿತು, ಯಾರೋ ಕೆಂಪು ಗುಂಡಿ ಒತ್ತಿದರು. "ಏನಾಯ್ತು ಅತ್ತಿಗೆ?" "ಗುಂಡ ಒಬ್ನೇ ಇದಾನೆ ಕಣೇ!" ಅಷ್ಟೇ ಮಾತು. ಇಬ್ಬರೂ ಬ್ರೆಡ್ಡಿನ ಅಂಗಡಿ, ಸೇತುವೆ, ಶಾಲೆಯ ಗೋಡೆ ದಾಟಿ ಓಡಿದರು. ಭುಜಕ್ಕೆ ಭುಜ ಸಮವಾಗಿ ಓಡಿದರು.

ಬಾಗಿಲಿಗೆ ಬೀಗ. ಒಳಗೆ ಗುಂಡ ಅಳುತ್ತಿದ್ದ. ಸೊಸೆಯ ಕೀ ಒಳಗೆ ಮೊಳೆಯ ಮೇಲೆ. ನಾದಿನಿಯ ಕೀ ಕಾರ್ಖಾನೆಯಲ್ಲಿ ಬಿಟ್ಟುಬಂದ ಚೀಲದಲ್ಲಿ. ಗಂಡನ ಫೋನು ಯಾವ ಲಿಫ್ಟಿನ ಹೊಂಡದಲ್ಲಿತ್ತೋ, ಸಿಗುತ್ತಲೇ ಇರಲಿಲ್ಲ. ಟೈಲರಮ್ಮ ಬಾಯಿ ಬಡಿದುಕೊಂಡು ಹೊರಗೆ ಬಂದಳು.

"ಮನೆಗೆ ಹೋಗು ಅಂತ ಗದರಿಸಿಬಿಟ್ರಮ್ಮ! ಅಳು ಕೇಳ್ತಿತ್ತು, ಅಜ್ಜಿ ಒಳಗೇ ಇದಾರಲ್ಲ ಅಂತ ನಾನು ಸುಮ್ಮನಿದ್ದೆ."

"ಏನೋ ಸೀದ ವಾಸನೆ" ಎಂದಳು ನಾದಿನಿ.

ಸೊಸೆ ಕೀ ತೂತಿಗೆ ಮೂಗಿಟ್ಟಳು. ಹಾಲು ಸೀಯುವ ವಾಸನೆ. ಅವಳು ಬಾಗಿಲಿಗೆ ಭುಜ ಕೊಟ್ಟು ಗುದ್ದಿದಳು, ನಾದಿನಿಯೂ ಗುದ್ದಿದಳು. ಹಳೇ ಕಾಲದ ಗಟ್ಟಿ ಬಾಗಿಲು, ಅಲುಗಲಿಲ್ಲ. "ಗುಂಡಾ, ಬಂದೆ ಕಂದಾ, ಬಂದೆ" ಎಂದು ಸೊಸೆ ಮರಕ್ಕೆ ಬಾಯಿ ಹಚ್ಚಿ ಕೂಗಿದಳು. ಅಳು ನಿಂತಿತು. ನಿಂತದ್ದು ಅತ್ತದ್ದಕ್ಕಿಂತ ಘೋರವಾಗಿತ್ತು.

ಅಷ್ಟರಲ್ಲಿ ಲಾಂಡ್ರಿಯ ವ್ಯಾನು ಬಂದು ನಿಂತಿತು. ಮ್ಯಾನೇಜರ್ ಅತ್ತೆಯ ಕೈ ಹಿಡಿದು ಇಳಿಸಿದ.

"ಅಮ್ಮಾ, ಕೀ!" ಎಂದು ನಾದಿನಿ ಕಿರುಚಿದಳು.

ಅತ್ತೆ ಚೀಲಕ್ಕೆ ಕೈ ಹಾಕಿ ತಡಕಾಡಿದಳು. ಬಾಚಣಿಗೆ, ಕರವಸ್ತ್ರ, ಪೆಪ್ಪರಮಿಂಟು, ಗುಂಡನ ಒಂದು ಕಾಲುಚೀಲ. "ಇಲ್ಲೇ ಇಟ್ಟಿದ್ದೆ... ಇಲ್ಲೇ..." ಸೊಸೆ ಒಂದೇ ನೆಗೆತಕ್ಕೆ ಬಂದು ಅತ್ತೆಯ ಕೊರಳಿಗೆ ಕೈ ಹಾಕಿದಳು. ದಾರ ಬಿಚ್ಚುವಷ್ಟು ವ್ಯವಧಾನ ಯಾರಿಗಿತ್ತು? ಕೀ ಹಿಡಿದು, ಕೀಯ ಜೊತೆಗೆ ಅತ್ತೆಯನ್ನೂ ಬಾಗಿಲಿಗೆ ಎಳೆದಳು. ಮ್ಯಾನೇಜರ್, ಟೈಲರಮ್ಮ, ಬೀದಿಯವರೆಲ್ಲ ನೋಡುತ್ತಿದ್ದಂತೆ ಗಡಿಯಾರದಮ್ಮ ಕತ್ತು ಬಗ್ಗಿಸಿ, ಬೀಗಕ್ಕೆ ಕೆನ್ನೆ ಹಚ್ಚಿ ನಿಂತಳು, ಬಾಗಿಲು ತೆರೆಯುವವರೆಗೂ.

ಗುಂಡ ತೊಟ್ಟಿಲಲ್ಲಿ ಒದ್ದೆಯಾಗಿ, ಕೆಂಪಾಗಿ, ಬಿಕ್ಕುತ್ತಾ ತನ್ನ ಮುಷ್ಟಿ ಚೀಪುತ್ತಿದ್ದ. ಬದುಕಿದೆಯಾ ನನ್ನಪ್ಪಾ ಎಂದು ಸೊಸೆ ಅವನನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಕುಸಿದಳು. ನಾದಿನಿ ಅಡುಗೆಮನೆಗೆ ಓಡಿ ಒಲೆ ಆರಿಸಿದಳು. ಕರಿಕಲಾದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಲು ಹೋಗಿ ಬೆರಳು ಸುಟ್ಟುಕೊಂಡು, ಅಲ್ಲೇ ಕೂತು ಗೊಳೋ ಎಂದು ಅತ್ತಳು. ಬೆರಳಿಗೆ ಅತ್ತದ್ದಲ್ಲ ಎಂದು ಎಲ್ಲರಿಗೂ ತಿಳಿಯಿತು.

ಆ ಸಂಜೆ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡ ಬಂದವನು ಎಲ್ಲ ಕೇಳಿ, ಆ ಗಟ್ಟಿ ದಾರವನ್ನು ತಾಯಿಯ ಕೊರಳಿನಿಂದ ತೆಗೆದು, ಕೀಯನ್ನು ಮೊಳೆಗೆ ಹಾಕಿದ. "ನನಗೆ ಗೊತ್ತಿತ್ತು ಕಣೇ" ಎಂದು ಹೆಂಡತಿಗೆ ಹೇಳಿದ. ಅದಕ್ಕೆ ಅವಳು, "ಗೊತ್ತಿತ್ತು ಅಂತ ಗೊತ್ತಿತ್ತು" ಎಂದಳಷ್ಟೆ.

ಸ್ವಲ್ಪ ದಿನಕ್ಕೆ ಕಾರ್ಖಾನೆಯಿಂದ ಹೊಸ ಉತ್ತರ ಬಂತು. ಬೆಳಗಿನ ಪಾಳಿ ಮಾತ್ರ, ಅದೇ ರೋಲರು, ಅದೇ ಜಾಗ. ಮಧ್ಯಾಹ್ನಕ್ಕೆ ನಾದಿನಿಯ ಎತ್ತರದ ಇನ್ನೊಬ್ಬಳನ್ನು ಪ್ಯಾಕಿಂಗ್ ವಿಭಾಗದಿಂದ ತಂದು ಕಲಿಸುವುದು. ಬೆಳಗಿನ ಹೊತ್ತಿಗೆ ಟೈಲರಮ್ಮ ತನ್ನ ಹೊಲಿಗೆ ಮೆಷಿನ್ನನ್ನೇ ಇವರ ನಡುಮನೆಗೆ ತಂದಿಡುವುದಾಗಿ ಒಪ್ಪಿದಳು. "ಗುಂಡನ್ನ ಒಬ್ಬನ್ನೇ ನೋಡ್ಕೋಬೇಕಾ, ಇಬ್ಬರನ್ನೂನಾ?" ಎಂದು ಕೇಳಿಬಿಟ್ಟು, ನಾಲಿಗೆ ಕಚ್ಚಿಕೊಂಡಳು. ಅತ್ತೆ ಅಲ್ಲೇ ಕೂತಿದ್ದಳು.

"ಏನು ಬರೆದಿದಾನೆ ಓದು" ಎಂದಳು ಅತ್ತೆ.

ಸೊಸೆ ಓದಿದಳು. ಪಾಳಿ, ರೋಲರು, ಜಾಗ.

"ಕಾರಣ ಬರೆದಿಲ್ವಾ?"

"ಹೂಂ ಅಂದಮೇಲೆ ಕಾರಣ ಯಾಕೆ ಅತ್ತೆ?"

ಅತ್ತೆ ಕೈ ಚಾಚಿ ಹಾಳೆ ತೆಗೆದುಕೊಂಡಳು. ಕಾರಣ ಬರೆಯಬೇಕಾಗಿರಲಿಲ್ಲ, ಆದರೆ ಮೇಲಿನವರಿಗಾಗಿ ಮ್ಯಾನೇಜರ್ ಬರೆದಿದ್ದ. "ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲದಿರುವುದರಿಂದ." ಅತ್ತೆ ಅದನ್ನು ನಿಧಾನವಾಗಿ ಓದಿದಳು. ಆಮೇಲೆ ಹಾಳೆಯನ್ನು ಮೂಲೆಗೆ ಮೂಲೆ ಸೇರಿಸಿ, ನೀಟಾಗಿ ಮಡಚಿ ಸೊಸೆಗೆ ಕೊಟ್ಟಳು.

ಸೊಸೆ ಕೆಲಸಕ್ಕೆ ಹೋಗತೊಡಗಿದಳು. ಬೆಳಗಿನ ರೋಲರು ಮುಗಿಸಿ ಓಡಿಬರುವುದು, ಮಧ್ಯಾಹ್ನದಿಂದ ಒಲೆ, ತೊಟ್ಟಿಲು, ಅತ್ತೆ. ಅರ್ಧ ಸಂಬಳ ಬಂತು, ಅರ್ಧ ಕೆಲಸ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅಲ್ಲಿ ನಾದಿನಿಯ ಎದುರು, ಇಲ್ಲಿ ಅತ್ತೆಯ ಎದುರು, ಯಾವ ಅಂಚನ್ನೂ ಕೈಬಿಡುವ ಹಾಗಿರಲಿಲ್ಲ. ಆ ಬೀಗದ ದಿನವನ್ನು ಅತ್ತೆ ಇವತ್ತೋ ನಾಳೆಯೋ ಮರೆತುಬಿಡುತ್ತಾಳೆ ಎಂಬುದೊಂದೇ ಅವಳಿಗಿದ್ದ ಆಸೆ. ಅತ್ತೆ ಏನೇನೋ ಮರೆತಳು. ವಾರ ಮರೆತಳು, ಉಪ್ಪು ಮರೆತಳು, ಒಂದು ದಿನ ಮಗನನ್ನೇ ಯಾರಪ್ಪಾ ಬೇಕಿತ್ತು ಎಂದು ಕೇಳಿದಳು. ಅದೊಂದನ್ನು ಮಾತ್ರ ಮರೆಯಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಶೀಟು ತೆಗೆದುಕೊಂಡಳು. ಅತ್ತೆ ತಾನಾಗಿ ಬಂದು ಎದುರು ತುದಿ ಹಿಡಿದಳು. ಝಾಡಿಸಿದರು, ಮೂಲೆಗೆ ಮೂಲೆ ಸೇರಿಸಿದರು, ಒಂದು ಎಳೆ ಸುಕ್ಕಿಲ್ಲ. ತೊಟ್ಟಿಲಲ್ಲಿ ಗುಂಡ ಎದ್ದು ಅತ್ತ. ಅತ್ತೆಯೇ ಹತ್ತಿರವಿದ್ದಳು. ಎರಡೂ ಕೈ ಮುಂದೆ ಹೋದವು. ಹೋಗಿ ಅಲ್ಲೇ ನಿಂತವು.

"ಎತ್ಕೊಳ್ಳಲಾ?" ಎಂದಳು.

"ಎತ್ಕೊಳ್ಳಿ ಅತ್ತೆ. ಅದಕ್ಕೂ ಕೇಳ್ತಾರಾ?"

"ಕೇಳೋದು ನನ್ನ ಹಕ್ಕು" ಎಂದಳು ಅತ್ತೆ. "ಹೂಂ ಅನ್ನೋದು ನಿನ್ನ ಇಷ್ಟ."

ಗುಂಡ ಅಳುತ್ತಲೇ ಇದ್ದ. ಅತ್ತೆ ಚಾಚಿದ ಕೈ ಚಾಚಿಕೊಂಡೇ ಸೊಸೆಯ ಬಾಯಿ ನೋಡುತ್ತಾ ನಿಂತಿದ್ದಳು.

"ಹೂಂ ಅತ್ತೆ" ಎಂದಳು ಸೊಸೆ. ಅಂದು, ಅಜ್ಜಿಯ ಕೈಗಳ ಕೆಳಗೆ ತನ್ನ ಕೈಗಳನ್ನೂ ಒಡ್ಡಿ ನಿಂತಳು.